ಅಪ್‌ಡೇಟ್: ಉಪ್ಪುನೀರಿನ ಟ್ಯಾಂಕಿಗೆ ಕೊನೆಗೂ ಪಂಪ್ ಹಾಕಿದೆ

ಎರಡು ತಿಂಗಳ ಹಿಂದೆ ಕೇಳಿದ್ದೆ: 200 ಲೀಟರ್ ಟ್ಯಾಂಕ್, ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಮೆದು ಹವಳ. ನೀರು ಓಡಾಡಿಸೋಕೆ ಒಂದು ದೊಡ್ಡ ಪಂಪ್ ಸಾಕಾ, ಎರಡು ಚಿಕ್ಕವು ಬೇಕಾ ಅಂತ. ಎರಡು ಅಂದವರ ಮಾತು ಕೇಳಿದೆ, ಒಳ್ಳೇದೇ ಆಯ್ತು.

ಗಂಟೆಗೆ 2000 ಲೀಟರ್ ತಳ್ಳೋ ಎರಡು ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಾಡಿಸೋ ಪಂಪ್) ತಂದೆ. ಒಟ್ಟು ಗಂಟೆಗೆ 4000, ಅಂದ್ರೆ ಟ್ಯಾಂಕಿನ ನೀರಿನ 20 ಪಟ್ಟು. ಮೆದು ಹವಳಕ್ಕೆ ಧಾರಾಳ. ಅಕ್ರೊಪೊರಾ ಥರದ ಕಲ್ಲುಹವಳ ಸಾಕೋರಿಗೆ ಸಾಲದು. ಮೊದಲ ದಿನ ಎರಡನ್ನೂ ಕೆಳಮುಖ ಮಾಡಿಟ್ಟು, ಮರಳೆಲ್ಲ ಎದ್ದು ಟ್ಯಾಂಕ್ ಅಕ್ಕಚ್ಚಿನ ಹಾಗಾಯ್ತು! ಈಗ ಎದುರುಬದುರು ಗಾಜಿಗೆ, ಸ್ವಲ್ಪ ಮೇಲ್ಮುಖವಾಗಿ ಕೂರಿಸಿದ್ದೀನಿ. ನೀರಿನ ಮೇಲ್ಮೈ ಅಲುಗಾಡಿದ್ರೆ ಆಮ್ಲಜನಕಾನೂ ಚೆನ್ನಾಗಿ ಬೆರೆಯುತ್ತೆ. ಬಂಡೆ ಹಿಂದೆ ಕೂರ್ತಿದ್ದ ಕಸ ಹೋಯ್ತು, ಅಲ್ಲಿನ ಕೆಂಪು ಲೋಳೆಯೂ ಕಮ್ಮಿಯಾಗಿದೆ.

ಡಿಸಿ ಪಂಪ್ ತಗೊಂಡಿದ್ದಕ್ಕೆ ಇನ್ನೊಂದು ಲಾಭ, ಒಂದಕ್ಕೆ ಬ್ಯಾಟರಿ ಕೊಟ್ಟಿದ್ದೀನಿ. ನಮ್ಮ ಬೀದೀಲಿ ನಾಲ್ಕು ಹನಿ ಮಳೆ ಬಿದ್ರೆ ಕರೆಂಟ್ ಇರಲ್ಲ. ಸದ್ದೂ ಕಮ್ಮಿ (ಅಮ್ಮ ಒಪ್ಪಲ್ಲ). ಮೊನ್ನೆ ಪಂಪ್ ಬಿಚ್ಚಿದಾಗ ಒಳಗೆ ತಿರುಗೋ ರೆಕ್ಕೆಗೆ ಸುಣ್ಣ ಕಟ್ಟಿತ್ತು. ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ ಬ್ರಷ್ ಹಾಕಿದ್ರೆ ಬಿಡ್ತು.

ಎನಿಮೋನ್ (ಕ್ಲೌನ್ ಮೀನು ಮನೆ ಮಾಡ್ಕೊಳ್ಳೋ, ಹೂವಿನ ಥರ ಕಾಣೋ ಕಡಲಜೀವಿ) ತರೋ ಆಸೆ ಇದೆ, ಆದ್ರೆ ಪಂಪಿಗೆ ಸರಿಯಾದ ಜಾಲರಿ ಸಿಗೋವರೆಗೂ ಬೇಡ. ಅದು ಜಾಗ ಬದಲಾಯಿಸ್ತಾ ಹೋಗಿ ರೆಕ್ಕೆಗೆ ಸಿಕ್ಕಿಕೊಂಡ್ರೆ ಇಡೀ ಟ್ಯಾಂಕೇ ಕೆಡಬಹುದು.