ಟೀವಿ ಲೈಸೆನ್ಸ್ ಪತ್ರ ಮೇಲಿಂದ ಮೇಲೆ ಬರ್ತಿದೆ, ಈಗ ಬಾಗಿಲಿಗೂ ಬಂದರು. ಏನು ಮಾಡೋದು?

ಕೇಳಿದವರು: ರೆಡಿಂಗ್, ಇಂಗ್ಲೆಂಡ್

ನಮಸ್ಕಾರ. ನಾವು ಈ ದೇಶಕ್ಕೆ ಬಂದು ಐದು ತಿಂಗಳು. ಬಾಡಿಗೆ ಫ್ಲಾಟು. ಮಾಲೀಕರು ಬಿಟ್ಟುಹೋದ ಟೀವಿ ಒಂದಿದೆ, ಅದರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಮಗಳಿಗೆ ಯೂಟ್ಯೂಬ್ ಹಾಡು ಬಿಟ್ಟರೆ ಬೇರೇನೂ ಹಾಕಲ್ಲ. ಇಲ್ಲಿ ಟೀವಿ ನೋಡೋಕೆ ವರ್ಷವರ್ಷ ದುಡ್ಡು ಕಟ್ಟಿ ಲೈಸೆನ್ಸ್ ತಗೋಬೇಕಂತೆ, ಆ ದುಡ್ಡು ಬಿಬಿಸಿಗೆ ಹೋಗುತ್ತಂತೆ. ನಮ್ಮ ಮನೆಗೆ ಅದಿಲ್ಲ ಅಂತ ಇದುವರೆಗೆ ನಾಲ್ಕು ಪತ್ರ ಬಂದಿವೆ. ಮೇಲೆ ಹೆಸರಿಲ್ಲ, ‘ಈ ಮನೆಯ ನಿವಾಸಿಗೆ’ ಅಂತಷ್ಟೇ. ಮೊದಲನೆಯದು ಮೆತ್ತಗಿತ್ತು. ನಾಲ್ಕನೆಯದರಲ್ಲಿ ತನಿಖೆ, ಕೋರ್ಟು, 1,000 ಪೌಂಡ್ ದಂಡ ಎಲ್ಲ ಬಂದುಬಿಟ್ಟಿದೆ, ಅದೂ ಕೆಂಪಕ್ಷರದಲ್ಲಿ. ಮೊನ್ನೆ ಮಂಗಳವಾರ ಒಬ್ಬರು ಮನೆಗೇ ಬಂದರು. ಒಲೆ ಮೇಲೆ ಸಾರು ಕುದೀತಿತ್ತು, ಮಗಳು ಸೊಂಟದ ಮೇಲೆ, ಯಜಮಾನ್ರು ಆಫೀಸಲ್ಲಿ. ‘ಅವರು ಬಂದ ಮೇಲೆ ಬನ್ನಿ’ ಅಂದು ಬಾಗಿಲು ಹಾಕಿಕೊಂಡೆ. ಆಮೇಲಿಂದ ಬೆಲ್ ಆದರೆ ಸಾಕು, ಎದೆ ಧಸಕ್ ಅನ್ನುತ್ತೆ. ಟೀವಿ ಎತ್ತಿ ಬಿಸಾಕಿಬಿಡೋದಾ? ವೀಸಾಗೆ ಏನಾದರೂ ತೊಂದರೆ ಆಗುತ್ತಾ?

ಲೆಸ್ಟರ್‌ನಿಂದ, ಹದಿನಾರು ವರ್ಷದಿಂದ ಇಲ್ಲೇ ಇರುವವರು

ಮೇಡಂ, ಟೀವಿ ಪಾಪ ಅದರ ಪಾಡಿಗೆ ಇರಲಿ. ಟೀವಿ ಇಟ್ಟುಕೊಂಡ ಮಾತ್ರಕ್ಕೆ ಲೈಸೆನ್ಸ್ ಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಎರಡೇ. ಯಾವುದಾದರೂ ಚಾನೆಲ್ ಪ್ರಸಾರ ಆಗ್ತಿರುವಾಗಲೇ ನೋಡ್ತೀರಾ, ಅಥವಾ ರೆಕಾರ್ಡ್ ಮಾಡ್ತೀರಾ? ಬಿಬಿಸಿಯ ಆ್ಯಪ್ ಐಪ್ಲೇಯರ್ ನೋಡ್ತೀರಾ? ಎರಡಕ್ಕೂ ಇಲ್ಲ ಅಂದರೆ ಲೈಸೆನ್ಸ್ ಬೇಡ. ಒಂದಕ್ಕೆ ಹೌದು ಅಂದರೂ ಬೇಕು, ಅದು ಫೋನಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ. ಐಪ್ಲೇಯರ್‌ನಲ್ಲಿ ಹಳೆಯ ಕಾರ್ಯಕ್ರಮ ನೋಡುವುದಕ್ಕೆ ಮೊದಲು ಬೇಕಿರಲಿಲ್ಲ, 2016ರ ಸೆಪ್ಟೆಂಬರ್‌ನಿಂದ ಅದಕ್ಕೂ ಬೇಕು.

ನಮ್ಮವರು ಎಡವುವುದು ಒಂದೇ ಕಡೆ. ‘ನಾವು ಬಿಬಿಸಿ ನೋಡಲ್ಲ, ಕನ್ನಡ ಚಾನೆಲ್ ಮಾತ್ರ’ ಅಂತಾರೆ. ಚಾನೆಲ್ ಯಾವ ದೇಶದ್ದಾದರೂ ಸರಿ, ಲೈವ್ ಅಂದರೆ ಲೈವ್. ಬೆಳಗ್ಗೆ ಕಾಫಿ ಕುಡೀತಾ ಯೂಟ್ಯೂಬಿನಲ್ಲಿ ಬೆಂಗಳೂರಿನ ನ್ಯೂಸ್ ಚಾನೆಲ್ ನೇರಪ್ರಸಾರ ಹಾಕಿದರೂ ಲೆಕ್ಕಕ್ಕೆ ಬರುತ್ತೆ. ಅದೇ ಸೀರಿಯಲ್ ಮರುದಿನ ಆ್ಯಪಿನಲ್ಲಿ ನೋಡಿದರೆ ಇಲ್ಲ.

ನೀವು ಹೇಳಿದ್ದು ನಿಜವಾದರೆ ಇವತ್ತೇ ಪತ್ರ ಕಳಿಸುವ ಟೀವಿ ಲೈಸೆನ್ಸಿಂಗ್‌ನವರ ವೆಬ್‌ಸೈಟಿಗೆ ಹೋಗಿ ‘ಲೈಸೆನ್ಸ್ ಬೇಕಿಲ್ಲ’ ಅಂತ ಘೋಷಣೆ ಕೊಟ್ಟುಬಿಡಿ. ಪತ್ರ ನಿಲ್ಲುತ್ತೆ. ಸಾಮಾನ್ಯವಾಗಿ ಎರಡು ವರ್ಷ ಆದ ಮೇಲೆ ಮತ್ತೆ ಕೇಳ್ತಾರೆ. ನಡುವೆ ಒಮ್ಮೆ ಖಾತ್ರಿ ಮಾಡಿಕೊಳ್ಳೋಕೆ ಬಂದರೂ ಬರಬಹುದು, ಹಾಗಂತ ಅವರೇ ಹೇಳಿರ್ತಾರೆ.

ಬರ್ಮಿಂಗ್‌ಹ್ಯಾಮ್‌ನಿಂದ, ಊರು ಧಾರವಾಡ ಕಡೆ

ಅಕ್ಕಾರ, ಹೆದರಬ್ಯಾಡ್ರಿ. ನಮ್ಮ ಮನಿಗೂ ಎರಡು ವರ್ಷದಾಗ ಹದಿನಾಲ್ಕು ಪತ್ರ ಬಂದಾವ, ಫ್ರಿಜ್ ಮ್ಯಾಲೆ ಸಾಲಾಗಿ ಅಂಟಿಸೇನಿ. ನಾ ಯಾ ಘೋಷಣಾನೂ ಕೊಟ್ಟಿಲ್ಲ. ನೋಡಲಾರದ್ದನ್ನ ನೋಡಂಗಿಲ್ಲ ಅಂತ ಬರದು ಕೊಡೂದು ಯಾಕ? ಕಾನೂನಿನ ಪ್ರಕಾರ ಉತ್ತರ ಕೊಡಲೇಬೇಕು ಅಂತೇನಿಲ್ಲ. ಆದ್ರ ನಮ್ಮನ್ಯಾಗ ಸಣ್ಣ ಕೂಸಿಲ್ಲ, ಬೆಲ್ ಆದ್ರ ಅಂಜಾವ್ರೂ ಯಾರೂ ಇಲ್ಲ. ನಿಮ್ಮ ಜಾಗಾದಾಗ ನಾ ಇದ್ರ ಫಾರ್ಮ್ ತುಂಬಿ ಕೈ ತೊಳಕೊತಿದ್ದೆ.

ಸ್ಲೌನಿಂದ, ಗೃಹಿಣಿ

ಬಾಗಿಲ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಬಾಗಿಲು ತೆಗೆಯೋದು ನಾವೇ.

ಬರುವವರು ಪೊಲೀಸರಲ್ಲ. ಅನುಮತಿ ಇಲ್ಲದೆ ಒಳಗೆ ಬರುವ ಹಕ್ಕು ಅವರಿಗಿಲ್ಲ. ಮ್ಯಾಜಿಸ್ಟ್ರೇಟರ ಸರ್ಚ್ ವಾರಂಟ್ ಇದ್ದರೆ ಮಾತ್ರ ಬೇರೆ, ಆಗ ಅಡ್ಡಿ ಮಾಡಬಾರದು. ಆದರೆ ಅದು ತೀರಾ ಅಪರೂಪ. ಗುರುತಿನ ಚೀಟಿ ತೋರಿಸಿ ಅನ್ನಿ. ‘ಈಗ ಮಾತಾಡೋಕೆ ಆಗಲ್ಲ, ದಯವಿಟ್ಟು ಹೋಗಿ’ ಅಂದರೆ ಹೋಗಬೇಕು. ನೀವು ಬಾಗಿಲು ಹಾಕಿದ್ದು ತಪ್ಪಲ್ಲ, ಸರಿಯಾಗೇ ಮಾಡಿದ್ರಿ. ‘ಅವರು ಬಂದ ಮೇಲೆ ಬನ್ನಿ’ ಅಂತ ಮತ್ತೆ ಕರೆದಿದ್ದೊಂದು ಬೇಕಿರಲಿಲ್ಲ ಅಷ್ಟೆ.

ಇನ್ನೊಂದು ಮಾತು. ಕೇಸು ಆಗೋದು ಮನೆ ಮೇಲಲ್ಲ, ಟೀವಿ ಖರೀದಿ ಮಾಡಿದ ಗಂಡನ ಮೇಲೂ ಅಲ್ಲ. ಬಾಗಿಲಲ್ಲಿ ನಿಂತು ಯಾರು ‘ಹೌದು, ನೋಡ್ತೀವಿ’ ಅಂತಾರೋ ಅವರ ಹೆಸರಲ್ಲಿ. ಇಲ್ಲಿ ಈ ತಪ್ಪಿಗೆ ಶಿಕ್ಷೆ ಆಗುವವರಲ್ಲಿ ಹೆಂಗಸರೇ ಜಾಸ್ತಿ, ಅದು ಹಗಲು ಹೊತ್ತು ಮನೆಯಲ್ಲಿರುವವರು ನಾವು ಅನ್ನೋ ಕಾರಣಕ್ಕೂ ಹೌದು. ಅದಕ್ಕೇ ಹೇಳ್ತಿರೋದು, ಮರ್ಯಾದೆಗೆ ಅಂತ ಒಳಗೆ ಕರೆದು ಕೂರಿಸಬೇಡಿ.

ಕೊವೆಂಟ್ರಿಯಿಂದ

ಒಳಗೆ ಕರೆದು ಕೂರಿಸಿದವನು ನಾನೇ! ಚಹಾ ಬೇಕಾ ಅಂತಲೂ ಕೇಳಿದೆ. ಮನುಷ್ಯ ಒಳ್ಳೆಯವನು, ಮಳೆಯಲ್ಲಿ ನೆಂದು ಬಂದಿದ್ದ. ‘ಕ್ರಿಕೆಟ್ ನೋಡ್ತೀರಾ?’ ಅಂದ. ಭಾರತೀಯನಿಗೆ ಕೇಳುವ ಪ್ರಶ್ನೆಯೇ ಅದು? ‘ನೋಡದೆ ಇರ್ತೀವಾ, ಮೊನ್ನೆ ಟೆಸ್ಟ್ ಐದೂ ದಿನ ಲೈವ್ ನೋಡಿದೆ’ ಅಂದೆ. ಅಷ್ಟೊತ್ತಿಗೆ ಅವನ ದನಿ ಬದಲಾಯಿತು. ನೀವು ಹೇಳುವುದನ್ನು ಸಾಕ್ಷ್ಯವಾಗಿ ಬಳಸಬಹುದು ಅಂತ ಒಂದು ವಾಕ್ಯ ಓದಿದ, ಎಷ್ಟು ದಿನದಿಂದ ನೋಡ್ತಿದ್ದೀರಿ, ಕೊನೆಗೆ ನೋಡಿದ್ದು ಯಾವಾಗ ಅಂತ ಒಂದೊಂದೇ ಕೇಳಿ ಬರೆದುಕೊಂಡ, ಕೆಳಗೆ ಸಹಿ ಮಾಡಿ ಅಂದ. ಮಾಡಿದೆ. ಸಹಿ ಮಾಡಲೇಬೇಕೆಂದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ತಪ್ಪು ನನ್ನದೇ, ನೋಡ್ತಿದ್ದದ್ದು ನಿಜ. ಅದೇ ಸಂಜೆ ಲೈಸೆನ್ಸ್ ತಗೊಂಡೆ, ನನ್ನ ಪುಣ್ಯಕ್ಕೆ ಕೋರ್ಟಿಗೆ ಹೋಗಲಿಲ್ಲ. ಲೈವ್ ನೋಡುವವರು ಸುಮ್ಮನೆ ಕಟ್ಟಿಬಿಡಿ. 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಯಿತು, ಕಂತಿನಲ್ಲೂ ಕಟ್ಟಬಹುದು.

ವೀಸಾ ಬಗ್ಗೆ: ಪತ್ರ ಬಂದಿದ್ದರಿಂದ, ಜನ ಬಂದಿದ್ದರಿಂದ ಏನೂ ಆಗಲ್ಲ. ಆದರೆ ಇಂಗ್ಲೆಂಡಿನಲ್ಲಿ ಇದು ಕ್ರಿಮಿನಲ್ ಅಪರಾಧವೇ. ಕೋರ್ಟು ದಂಡ ಹಾಕಿದರೆ ಮುಂದೆ ಐಎಲ್‌ಆರ್ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಅರ್ಜಿಯಲ್ಲಿ ಆ ಪ್ರಶ್ನೆ ಬಂದಾಗ ಮುಚ್ಚಿಡೋ ಹಾಗಿಲ್ಲ. ಹಾಗಾಗಿ ‘ನಿವಾಸಿಗೆ’ ಅಂತ ಬರುವ ಪತ್ರ ಬೇರೆ, ನಿಮ್ಮ ಹೆಸರು ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಬರುವ ನೋಟಿಸ್ ಬೇರೆ. ಎರಡನೆಯದಕ್ಕೆ 21 ದಿನದಲ್ಲಿ ಉತ್ತರ ಕೊಡಬೇಕು. ಅದನ್ನೂ ಫ್ರಿಜ್ಜಿಗೆ ಅಂಟಿಸೀರಿ!

ಗ್ಲಾಸ್ಗೋದಿಂದ

ಸ್ಕಾಟ್ಲೆಂಡಿನಲ್ಲಿ ಕೋರ್ಟಿನ ದಾರಿಯೇ ಬೇರೆ. ಇಲ್ಲಿ ಸರ್ಕಾರಿ ಪ್ರಾಸಿಕ್ಯೂಟರ್ ತೀರ್ಮಾನ ಮಾಡಬೇಕು, ಕೇಸು ಆಗೋದು ಬಹಳ ಕಮ್ಮಿ. ಇಲ್ಲಿನ ಗೆಳೆಯರು ‘ಏನೂ ಆಗಲ್ಲ ಬಿಡು’ ಅಂದರೆ ಅದನ್ನು ರೆಡಿಂಗ್‌ನಲ್ಲಿ ನಂಬಬೇಡಿ.

ಮ್ಯಾಂಚೆಸ್ಟರ್‌ನಿಂದ, ವಿದ್ಯಾರ್ಥಿ

ಹಾಸ್ಟೆಲ್ ರೂಮಿಗೂ ಪತ್ರ ಬರುತ್ತೆ. ಪ್ರತಿ ರೂಮಿಗೆ ಬೇರೆ ಬೇರೆ ಕರಾರು ಇದ್ದರೆ, ಲೈವ್ ನೋಡುವವರು ಅವರವರೇ ತಗೋಬೇಕು. ನಾಲ್ಕು ಜನ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ ಮನೆಯಾದರೆ ಸಾಮಾನ್ಯವಾಗಿ ಒಂದು ಸಾಕು. ನಾವು ಹಾಗೇ ಒಂದು ತಗೊಂಡು ನಾಲ್ಕು ಪಾಲು ಮಾಡಿದೆವು. ಒಬ್ಬ ಇನ್ನೂ ಕೊಟ್ಟಿಲ್ಲ.

ಮಿಲ್ಟನ್ ಕೀನ್ಸ್‌ನಿಂದ

ದುಡ್ಡು ಕಟ್ಟುತ್ತಿದ್ದೂ ಪತ್ರ ಬಂದರೆ ಒಮ್ಮೆ ವಿಳಾಸ ನೋಡಿಕೊಳ್ಳಿ. ನಾವು ಮನೆ ಬದಲಿಸಿದಾಗ ಗ್ಯಾಸು, ಕರೆಂಟು, ಡಾಕ್ಟರು, ಮಗನ ಸ್ಕೂಲು ಎಲ್ಲ ಕಡೆ ಹೊಸ ವಿಳಾಸ ಕೊಟ್ಟೆವು, ಇದೊಂದು ಮರೆತೆವು. ಒಂಬತ್ತು ತಿಂಗಳು ಹಳೇ ಮನೆಯ ಹೆಸರಿನಲ್ಲಿ ದುಡ್ಡು ಹೋಗ್ತಾನೇ ಇತ್ತು. ಲೈಸೆನ್ಸ್ ಇರೋದು ವಿಳಾಸಕ್ಕೆ, ನಮ್ಮ ಹಿಂದೆ ತಾನಾಗಿ ಬರಲ್ಲ.

ಹಾಗೇ, ‘ನಿಮ್ಮ ಲೈಸೆನ್ಸ್ ಮುಗಿದಿದೆ, ಈ ಲಿಂಕ್ ಒತ್ತಿ’ ಅಂತ ಬರುವ ಇಮೇಲು, ಮೆಸೇಜು ಬಹಳಷ್ಟು ಕಳ್ಳರದ್ದು. ಮೆಸೇಜಾದರೆ 7726ಕ್ಕೆ ಫಾರ್ವರ್ಡ್ ಮಾಡಿ. ಲಿಂಕ್ ಒತ್ತದೆ, ವೆಬ್‌ಸೈಟಿಗೆ ನೀವೇ ಹೋಗಿ ನೋಡಿ.

ಕೇಂಬ್ರಿಡ್ಜ್‌ನಿಂದ, ನಿವೃತ್ತರು

ನಿಮ್ಮ ಪೀಳಿಗೆಗೆ ಇದು ವಿಚಿತ್ರ ಅನ್ನಿಸುತ್ತದೆ. ನನಗೆ ನಮ್ಮ ತಂದೆಯವರ ರೇಡಿಯೋ ಲೈಸೆನ್ಸ್ ಪುಸ್ತಕ ನೆನಪಾಗುತ್ತದೆ. ಪಾಸ್‌ಬುಕ್ಕಿನಂಥ ಸಣ್ಣ ಪುಸ್ತಕ. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಸ್ಟಾಂಪು ಅಂಟಿಸಿ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ತಡವಾದರೆ ಅಮ್ಮನಿಗೆ ನಿಮ್ಮ ಹಾಗೆಯೇ ದಿಗಿಲು. ಆ ಕಾಯ್ದೆ 1933ರದ್ದು, ಇಲ್ಲಿನವರು ಅಲ್ಲಿ ಮಾಡಿಟ್ಟದ್ದು. ನಾವು ಎಂಬತ್ತರ ದಶಕದಲ್ಲಿ ಆ ಲೈಸೆನ್ಸನ್ನು ಕೈಬಿಟ್ಟೆವು, ಇವರು ಬಿಟ್ಟಿಲ್ಲ. ಹಿರಿಯರ ಗಮನಕ್ಕೆ: 75 ದಾಟಿದ ಎಲ್ಲರಿಗೂ ಇದ್ದ ಉಚಿತ ಲೈಸೆನ್ಸ್ 2020ರ ಆಗಸ್ಟ್‌ನಲ್ಲಿ ನಿಂತಿತು. ಈಗ ಅವರಲ್ಲಿ ಪೆನ್ಷನ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದ ಹಿರಿಯರಿಗೆ ಸರ್ಕಾರ ಕೊಡುವ ನೆರವು, ಪಡೆಯುವ ಮನೆಯವರಿಗೆ ಮಾತ್ರ.

ಕೇಳಿದವರು ಮತ್ತೆ: ರೆಡಿಂಗ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತು ಫಾರ್ಮ್ ತುಂಬಿದೆ, ಹತ್ತು ನಿಮಿಷವೂ ಹಿಡಿಯಲಿಲ್ಲ. ಒಪ್ಪಿಗೆಯ ಇಮೇಲೂ ಬಂತು, ಪ್ರಿಂಟ್ ತೆಗೆದು ಬಾಗಿಲ ಹಿಂದೆ ಸಿಕ್ಕಿಸಿದ್ದೀನಿ.

ಆದರೆ ಇದು ಎರಡು ವರ್ಷ ಬಾಳಲ್ಲ. ಮೇ ತಿಂಗಳಲ್ಲಿ ದಾವಣಗೆರೆಯಿಂದ ನಮ್ಮತ್ತೆ ಬರ್ತಾರೆ, ಮೂರು ತಿಂಗಳು ಇರ್ತಾರೆ. ಅಲ್ಲಿ ಸಂಜೆ ಏಳರ ಸೀರಿಯಲ್ ಅಂದರೆ ಇಲ್ಲಿ ಮಧ್ಯಾಹ್ನ ಎರಡೂವರೆ, ಮರುದಿನ ನೋಡಿ ಅಂದರೆ ಕೇಳುವವರಲ್ಲ, ಅಷ್ಟೊತ್ತಿಗೆ ತಂಗಿ ಫೋನ್ ಮಾಡಿ ಕತೆ ಪೂರ್ತಿ ಹೇಳಿಬಿಟ್ಟಿರ್ತಾರಂತೆ. ಅವರು ಬರುವ ವಾರ ಲೈಸೆನ್ಸ್ ತಗೊಂಡು, ಹೋದ ಮೇಲೆ ರದ್ದು ಮಾಡಿ ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳೋಣ ಅಂದುಕೊಂಡಿದ್ದೀವಿ. ವೀಡಿಯೋ ಕಾಲ್‌ನಲ್ಲಿ ಇದನ್ನೇ ಅವರಿಗೆ ವಿವರಿಸಿದೆ. ಸುಮ್ಮನೆ ಪೂರ್ತಿ ಕೇಳಿಸಿಕೊಂಡು, ‘ಅಲ್ಲಮ್ಮಾ, ನಮ್ಮೂರ ಸೀರಿಯಲ್ ನೋಡಕ್ಕೆ ಇವ್ರಿಗ್ಯಾಕೆ ದುಡ್ಡು ಕೊಡ್ಬೇಕು?’ ಅಂದರು.

ಇದಕ್ಕೆ ಏನು ಹೇಳಬೇಕು ಅಂತ ಗೊತ್ತಿರುವವರು ಮೇ ಒಳಗೆ ತಿಳಿಸಿ.