ಎಫ್‌ಡಿಎಸ್‌ನಲ್ಲಿ (ಬೆಂಕಿ-ಹೊಗೆಯ ಕಂಪ್ಯೂಟರ್ ಮಾಡೆಲ್) ಸೂಟ್ ಯೀಲ್ಡ್ (ಒಂದು ಕೆಜಿ ಇಂಧನಕ್ಕೆ ಎಷ್ಟು ಕೆಜಿ ಮಸಿ) ಎಷ್ಟು ಕೊಡ್ತೀರಿ, ವಿಸಿಬಿಲಿಟಿ (ಹೊಗೆಯಲ್ಲಿ ಎಷ್ಟು ದೂರ ಕಾಣುತ್ತೆ) ಎಲ್ಲಿ ಅಳೀತೀರಿ? ಅನುಭವ ಹೇಳಿ

ಬೇಸ್‌ಮೆಂಟ್_2
60×40 ಮೀ. ಕಾರ್ ಪಾರ್ಕಿಂಗ್, ಎತ್ತರ 3 ಮೀ. ಒಂದು ಕಾರಿಗೆ ಬೆಂಕಿ, ಗರಿಷ್ಠ 4 ಮೆಗಾವ್ಯಾಟ್. ಸೂಟ್ ಯೀಲ್ಡ್ 0.015 ಇಟ್ಟಾಗ ದಾರಿಯುದ್ದಕ್ಕೂ 10 ಮೀ. ದಾಟಿ ಕಾಣ್ತಿತ್ತು, 0.1 ಇಟ್ಟ ಕೂಡಲೇ ಫೇಲ್. ಪರಿಶೀಲಕರು ಮೊದಲನೆಯದನ್ನು ವಾಪಸ್ ಕಳಿಸಿದ್ದಾರೆ. ವಿಸಿಬಿಲಿಟಿ ಫ್ಯಾಕ್ಟರ್ (ಇದನ್ನ ಹೊಗೆಯ ದಟ್ಟತೆಯಿಂದ ಭಾಗಿಸಿದರೆ ಕಾಣೋ ದೂರ) 3 ಇಡಬೇಕೋ 8 ಇಡಬೇಕೋ? ಎಕ್ಸಿಟ್ ಬೋರ್ಡ್‌ಗಳಲ್ಲಿ ಕೆಲವಕ್ಕೆ ಮಾತ್ರ ಒಳಗೆ ಲೈಟ್ ಇದೆ.

ಹೊಗೆಲೆಕ್ಕ
0.015 ಓಕ್ ಮರದ ಅಂಕಿ, ವಾಪಸ್ ಬಂದದ್ದು ಸರಿಯಾಗೇ ಇದೆ. ಪಾಲಿಪ್ರೊಪಿಲೀನ್ 0.059, ಪಾಲಿಸ್ಟೈರೀನ್ 0.164, ಸೀಟಿನ ಫೋಮ್ ಜಿಎಂ-27 ಆದರೆ 0.198. ಆದರೆ ಯೀಲ್ಡ್ ಒಂದನ್ನೇ ಹಿಡಿದು ಜಗಳ ಆಡಬೇಡಿ. ನೀವು ಬೆಂಕಿಯ ಶಾಖವನ್ನೇ ನಿಗದಿ ಮಾಡಿದಾಗ, ಇಂಧನ ಎಷ್ಟು ಹೊರಬರುತ್ತೆ ಅಂತ ನಿರ್ಧರಿಸೋದು ದಹನಶಾಖ (ಒಂದು ಕೆಜಿ ಇಂಧನ ಉರಿದಾಗ ಬರೋ ಶಾಖ). ಹಾಗಾಗಿ ಮೆಗಾಜೂಲಿಗೆ ಎಷ್ಟು ಗ್ರಾಂ ಮಸಿ ಅಂತ ನೋಡಿ. 0.1 ಯೀಲ್ಡ್, ಕೆಜಿಗೆ 25 ಮೆಗಾಜೂಲ್ ಅಂದ್ರೆ 4 ಗ್ರಾಂ. ನ್ಯೂಜಿಲೆಂಡಿನ ಅಗ್ನಿಸುರಕ್ಷೆಯ ಲೆಕ್ಕದ ದಾಖಲೆ ಸಿ/ವಿಎಂ2 ಫ್ಲ್ಯಾಶ್‌ಓವರ್‌ಗೆ (ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಳ್ಳೋದು) ಮುಂಚಿನ ಬೆಂಕಿಗೆ ಕೊಡೋದು 0.07 ಮತ್ತು 20, ಅಂದ್ರೆ 3.5 ಗ್ರಾಂ. ಇವೆರಡೂ ಹೆಚ್ಚುಕಡಿಮೆ ಒಂದೇ.

ಈಗ ಕೈಲೆಕ್ಕ. 10 ಮೀ. ಕಾಣಬೇಕು, ಫ್ಯಾಕ್ಟರ್ 3: ಎಕ್ಸ್‌ಟಿಂಕ್ಷನ್ (ಮೀಟರಿಗೆ ಹೊಗೆ ಬೆಳಕನ್ನ ತಡೆಯೋ ಪ್ರಮಾಣ) 0.3. ಅದನ್ನು 8700ರಿಂದ (ಒಂದು ಕೆಜಿ ಮಸಿ ಬೆಳಕನ್ನ ಎಷ್ಟು ತಡೆಯುತ್ತೆ ಅನ್ನೋ ಅಂಕಿ) ಭಾಗಿಸಿದರೆ ಘನ ಮೀಟರಿಗೆ 34.5 ಮಿಲಿಗ್ರಾಂ. ನಿಮ್ಮ 7200 ಘನ ಮೀ. ಪೂರ್ತಿಗೆ ಸುಮಾರು 248 ಗ್ರಾಂ. 4 ಮೆಗಾವ್ಯಾಟ್‌ನಲ್ಲಿ ಸೆಕೆಂಡಿಗೆ 16 ಗ್ರಾಂ ಮಸಿ ಬರುತ್ತೆ. ಹೊಗೆ ಎಲ್ಲ ಕಡೆ ಸಮನಾಗಿ ಬೆರೆತರೆ, ಬೆಂಕಿ ಪೂರ್ತಿ ಏರಿದ ಮೇಲೆ 16 ಸೆಕೆಂಡೂ ಬೇಡ. ಮಾಡೆಲ್ ರನ್ ಮಾಡೋ ಮುಂಚೆ ಇಷ್ಟು ಲೆಕ್ಕ ಹಾಕದವರ ರಿಪೋರ್ಟ್ ನಾನು ಓದೋದೇ ಇಲ್ಲ.

ಗ್ರಿಡ್‌ಗಾರ
ಲೆಕ್ಕ ಸರಿ ಸರ್, ಆದರೆ ಹೊಗೆ ಸಮನಾಗಿ ಎಲ್ಲಿ ಬೆರೆಯುತ್ತೆ? ಪದರ ಕಟ್ಟುತ್ತೆ. ಅದಕ್ಕೇ ಮೆಶ್ (ಜಾಗವನ್ನ ಸಣ್ಣ ಸೆಲ್‌ಗಳಾಗಿ ಕತ್ತರಿಸೋ ಜಾಲ) ಮುಖ್ಯ. 4 ಮೆಗಾವ್ಯಾಟಿಗೆ ಡಿ-ಸ್ಟಾರ್ (ಬೆಂಕಿಯ ಗಾತ್ರ ಹೇಳೋ ಉದ್ದ) 1.67 ಮೀ. ಸೆಲ್ 0.2 ಇಟ್ಟರೆ ಅನುಪಾತ 8.3 ಬರುತ್ತೆ, ಜನ ಅಲ್ಲಿಗೇ ತೃಪ್ತಿಪಡ್ತಾರೆ. ಆದರೆ 3 ಮೀ. ಸೂರಿನ ಕೆಳಗೆ ಹರಿಯೋ ಬಿಸಿ ಪದರದ ದಪ್ಪ ಸುಮಾರು 0.3 ಮೀ., ಅಂದ್ರೆ ಒಂದೂವರೆ ಸೆಲ್! ಪದರ ಬೇಗ ಕಲಸಿ ಕೆಳಗಿಳಿಯುತ್ತೆ, 2 ಮೀ. ಎತ್ತರದ ರೀಡಿಂಗ್ ಹಾಳು. 0.1 ಮಾಡಿದರೆ 9 ಲಕ್ಷ ಸೆಲ್ 72 ಲಕ್ಷ ಆಗುತ್ತೆ, ಟೈಮ್‌ಸ್ಟೆಪ್ ಅರ್ಧ ಆಗುತ್ತೆ, ಒಟ್ಟು ಕೆಲಸ 16 ಪಟ್ಟು. 20 ಗಂಟೆಯ ರನ್ 320 ಗಂಟೆ, ಹದಿಮೂರು ದಿನಕ್ಕೂ ಹೆಚ್ಚು. ಮಧ್ಯೆ ಕರೆಂಟ್ ಹೋಯ್ತೋ, ರೀಸ್ಟಾರ್ಟ್ ಫೈಲ್ ಬರೆಯೋ ಅಂತರ ಕೊಡದಿದ್ದರೆ ಎಲ್ಲ ಮೊದಲಿಂದ.

ಹೊಗೆಲೆಕ್ಕ
ಪೂರ್ತಿ ಜಾಗಕ್ಕೆ 0.1 ಯಾಕ್ರೀ? ಬೆಂಕಿಯ ಸುತ್ತ ಮತ್ತು ಸೂರಿನ ಕೆಳಗಿನ ಪಟ್ಟಿಗೆ ಮಾತ್ರ ಕೊಡಿ. ಹದಿಮೂರು ದಿನ ಮೆಷಿನ್ ಓಡಿಸೋದನ್ನ ಗುಣಮಟ್ಟ ಅನ್ನಬೇಡಿ.

ಗ್ರಿಡ್‌ಗಾರ
ಒರಟು-ನುಣುಪು ಮೆಶ್ ಸೇರೋ ಗಡಿ ಬಿಸಿ ಪದರದ ಅಂಚಲ್ಲೇ ಬಿದ್ದರೆ ಏನಾಗುತ್ತೆ ಅಂತ ಒಮ್ಮೆ ಸ್ಲೈಸ್ (ಅಡ್ಡ ಸೀಳಿದ ಚಿತ್ರ) ತೆಗೆದು ನೋಡಿ, ಆಮೇಲೆ ಮಾತಾಡಿ.

ಸುರಂಗದ_ಕಡೆಯವಳು
3-8ರ ಪ್ರಶ್ನೆಯನ್ನ ಇಬ್ಬರೂ ಬಿಟ್ಟೇ ಬಿಟ್ರಿ. 1970ರ ದಶಕದಲ್ಲಿ ಜಪಾನಿನ ಜಿನ್ ಮಾಡಿದ ಪ್ರಯೋಗಗಳಿಂದ ಬಂದ ಅಂಕಿಗಳಿವು. ಬೆಳಕು ಪ್ರತಿಫಲಿಸೋ ಬೋರ್ಡಿಗೆ 3, ತಾನೇ ಬೆಳಗೋ ಬೋರ್ಡಿಗೆ 8. ನೀವು ಫ್ಯಾಕ್ಟರ್ ಬರೆಯದಿದ್ದರೆ ಎಫ್‌ಡಿಎಸ್ 3 ಅಂತಲೇ ತಗೊಳ್ಳುತ್ತೆ. ಎನ್‌ಎಫ್‌ಪಿಎ 130 (ರೈಲು-ಮೆಟ್ರೋ ಸುರಂಗ, ನಿಲ್ದಾಣಗಳ ಅಮೆರಿಕದ ಅಗ್ನಿ ನಿಯಮ) ಬೆಳಗೋ ಬೋರ್ಡ್ 30 ಮೀ.ನಿಂದ, ಬಾಗಿಲು-ಗೋಡೆ 10 ಮೀ.ನಿಂದ ಕಾಣಬೇಕು ಅನ್ನುತ್ತೆ. 8/30 ಅಂದ್ರೆ 0.27, 3/10 ಅಂದ್ರೆ 0.3. ಹೊಗೆ ಹೆಚ್ಚುಕಡಿಮೆ ಅದೇ! ಫ್ಯಾಕ್ಟರ್ 8 ಇಟ್ಟು 10 ಮೀ. ಮಿತಿಗೆ ಪಾಸ್ ಮಾಡಿಸಿದರೆ ನೀವು ಒಪ್ಪಿಕೊಂಡದ್ದು 0.8, ಹತ್ತಿರ ಹತ್ತಿರ ಮೂರು ಪಟ್ಟು ದಟ್ಟ ಹೊಗೆ. ಆ ಹೊಗೆಯಲ್ಲಿ ಕಣ್ಣುರಿದು ನೀರು ಸುರಿಯುತ್ತೆ, ಬೋರ್ಡ್ ಬೆಳಗ್ತಿದ್ದರೂ ಓದಕ್ಕಾಗಲ್ಲ. ಫ್ಯಾಕ್ಟರನ್ನೂ ಮಿತಿಯನ್ನೂ ಬೇರೆ ಬೇರೆ ಕಡೆಯಿಂದ ಎತ್ತಿಕೊಳ್ಳೋದು ಸುಳ್ಳು ಲೆಕ್ಕ. ಇದರಲ್ಲಿ ರಾಜಿ ಇಲ್ಲ.

ಇನ್ನೊಂದು. ಔಟ್‌ಪುಟ್ ಡೀಫಾಲ್ಟಾಗಿ 30 ಮೀ.ಗೆ ನಿಲ್ಲುತ್ತೆ. ಮಿತಿಯೂ 30 ಆದರೆ ಎಷ್ಟು ಅಂತರದಲ್ಲಿ ಪಾಸಾದ್ರಿ ಅಂತ ಗೊತ್ತೇ ಆಗಲ್ಲ, ಗರಿಷ್ಠ ವಿಸಿಬಿಲಿಟಿಯನ್ನ 100ಕ್ಕೆ ಏರಿಸಿ. ಆದಿಯಿಂದ ಅಂತ್ಯದವರೆಗೂ 30 ಅಂತಲೇ ಬಂದರೆ ಖುಷಿಪಡಬೇಡಿ, ಸೂಟ್ ಯೀಲ್ಡ್ ಬರೆಯೋದನ್ನೇ ಮರೆತಿರ್ತೀರಿ. ಅದರ ಡೀಫಾಲ್ಟ್ ಸೊನ್ನೆ.

ಹೊಗೆಲೆಕ್ಕ
ಮೇಡಂ, ಸುರಂಗದ ನಿಯಮ ತಂದು ಪಾರ್ಕಿಂಗ್‌ಗೆ ಹಚ್ಚಬೇಡಿ.

ಸುರಂಗದ_ಕಡೆಯವಳು
ಕಣ್ಣು ಎರಡೂ ಕಡೆ ಒಂದೇ ಸರ್.

ಸೆನ್ಸರ್_ಶೆಡ್
ಅಳೆಯೋ ಜಾಗದ ಬಗ್ಗೆ. ವಿಸಿಬಿಲಿಟಿ ಡಿವೈಸ್ (ಮಾಡೆಲ್ ಒಳಗಿನ ಅಳತೆ ಬಿಂದು) ಹೇಳೋದು ಒಂದೇ ಸೆಲ್ಲಿನ ಹೊಗೆ. ನೋಡೋನ ಕಣ್ಣಿಂದ ಬೋರ್ಡಿನವರೆಗೆ ನಡುವೆ ಇರೋದೆಲ್ಲ ಅದಕ್ಕೆ ಗೊತ್ತಿಲ್ಲ. ದಾರಿಯಲ್ಲಿ ಹತ್ತು ಡಿವೈಸ್ ಹಾಕಿ ವಿಸಿಬಿಲಿಟಿಯ ಸರಾಸರಿ ತೆಗೆಯೋರಿದ್ದಾರೆ, ಅದು ಶುದ್ಧ ತಪ್ಪು. ದಾರಿಯ ಅರ್ಧ 3 ಮೀ., ಅರ್ಧ 30 ಮೀ. ಅಂತಿಟ್ಟುಕೊಳ್ಳಿ. ಸರಾಸರಿ 16.5, ಆರಾಮಾಗಿ ಪಾಸ್. ಎಕ್ಸ್‌ಟಿಂಕ್ಷನ್ ಸರಾಸರಿ ಮಾಡಿ: 1.0 ಮತ್ತು 0.1, ಸರಾಸರಿ 0.55. 3ನ್ನು ಭಾಗಿಸಿದರೆ 5.5 ಮೀ. ಫೇಲ್! ಎಕ್ಸ್‌ಟಿಂಕ್ಷನ್ ಕೊಎಫಿಶಿಯೆಂಟನ್ನೇ ಔಟ್‌ಪುಟ್ ತೆಗೆದುಕೊಳ್ಳಿ, 3-8ರ ಭಾಗಾಕಾರ ಎಕ್ಸೆಲ್‌ನಲ್ಲಿ ಮಾಡಿ. ಲೈಟ್ ಇರೋ ಬೋರ್ಡ್, ಇಲ್ಲದ ಬೋರ್ಡ್ ಎರಡಕ್ಕೂ ಒಂದೇ ರನ್ ಸಾಕು.

ಗ್ರಿಡ್‌ಗಾರ
ಆ 8700 ಕೂಡ ಉರಿಯೋ ಬೆಂಕಿಯ ಕರಿ ಹೊಗೆಗೆ ಮಾತ್ರ. ಕಮರೋ ಬಿಳಿ ಹೊಗೆಗೆ ಹಳೆಯ ಅಂಕಿ 4400. ಯೀಲ್ಡ್ ಕೂಡ ಗಾಳಿ ಸಾಲದಾದಾಗ ನಿಜದಲ್ಲಿ ಏರುತ್ತೆ, ಮಾಡೆಲ್‌ನಲ್ಲಿ ಕೊಟ್ಟಷ್ಟೇ ಇರುತ್ತೆ.

ಸೆನ್ಸರ್_ಶೆಡ್
ಗೋಡೆಗೆ ಅಂಟೋ ಮಸಿಯೂ ತಾನಾಗಿ ಲೆಕ್ಕಕ್ಕೆ ಬರಲ್ಲ, ಮಸಿಯನ್ನ ಏರೋಸಾಲ್ (ಗಾಳಿಯಲ್ಲಿ ತೇಲೋ ಕಣ) ಅಂತ ಬರೆದರೆ ಮಾತ್ರ.

ಹೊಗೆಲೆಕ್ಕ
ಅದನ್ನ ಆನ್ ಮಾಡಿ ಹೊಗೆ ಕಡಿಮೆ ತೋರಿಸಿ ಪಾಸ್ ಮಾಡಿಸೋಕೆ ಹೊರಟ್ರಾ? 0.2 ಮೀ. ಸೆಲ್ಲಿನಲ್ಲಿ ಗೋಡೆ ಪಕ್ಕದ ಉಷ್ಣಾಂಶದ ಇಳಿಜಾರೇ ಸರಿಯಾಗಿ ಸಿಗಲ್ಲ. ಮಸಿ ಗೋಡೆಗೆ ಹೋಗೋದು ಅದರಿಂದಲೇ.

ಬೇಸ್‌ಮೆಂಟ್_2
0.1 ಯೀಲ್ಡ್, ಎಕ್ಸ್‌ಟಿಂಕ್ಷನ್ ಔಟ್‌ಪುಟ್, ಏರೋಸಾಲ್ ಇಲ್ಲ. ಇವತ್ತು ರಾತ್ರಿ ಹಾಕ್ತೀನಿ. ಮೆಶ್ ಗಡಿ 1.8 ಮೀ.ನಲ್ಲಿ ಬಂದರೆ ತೊಂದರೆನಾ?

ಗ್ರಿಡ್‌ಗಾರ
ಅಲ್ಲೇ ಬೇಡ. 1.2ಕ್ಕೆ ಇಳಿಸಿ, ಅಳೆಯೋ ಎತ್ತರ ನುಣುಪು ಮೆಶ್‌ನೊಳಗೆ ಇರಲಿ.