ಎಂಜಿನ್ ಬದಲಿಸಿದ ಜೀಪು ಘಾಟಿಯಲ್ಲಿ ಬಿಸಿಯಾಗುತ್ತಿದೆ, ಎಲ್ಲಿಂದ ಹುಡುಕಲಿ?

ಮೂಡಿಗೆರೆಯಿಂದ ಕೇಳಿದವರು:
ಎಂಎಂ 540 ಜೀಪಿನ ಹಳೆಯ 2112 ಸಿಸಿ ಪ್ಯೂಜೊ ಡೀಸೆಲ್ ಎಂಜಿನ್ ತೆಗೆಸಿ, ಬೊಲೆರೊದ 2523 ಸಿಸಿ ಡಿಐ ಟರ್ಬೊ ಕೂರಿಸಿದ್ದೇನೆ. ಗುಜರಿಯಿಂದ ತಂದ ಎಂಜಿನ್. ರೇಡಿಯೇಟರ್ ಹಳೆಯದೇ. ತೋಟದಲ್ಲಿ, ಪೇಟೆಯಲ್ಲಿ ಓಡಾಡಲು ಏನೂ ತೊಂದರೆಯಿಲ್ಲ. ಲೋಡ್ ಹಾಕಿಕೊಂಡು ಉಜಿರೆಯಿಂದ ಚಾರ್ಮಾಡಿ ಹತ್ತಿದರೆ ಮಾತ್ರ ಮುಳ್ಳು ಕೆಂಪಿಗೆ ಹೋಗುತ್ತದೆ. ನಿಲ್ಲಿಸಿ ಸ್ವಲ್ಪ ರೇಸ್ ಕೊಟ್ಟರೆ ನಿಧಾನಕ್ಕೆ ಇಳಿಯುತ್ತದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತುಹಾಕಿದ್ದೂ ಆಯಿತು, ವ್ಯತ್ಯಾಸ ಕಾಣಲಿಲ್ಲ. ಈಗ ಮೆಕ್ಯಾನಿಕ್ ದೊಡ್ಡ ರೇಡಿಯೇಟರ್ ಮಾಡಿಸಿ ಅಂತಿದ್ದಾರೆ. ಅದಕ್ಕೆ ದುಡ್ಡು ಸುರಿಯುವ ಮೊದಲು ಏನೇನು ನೋಡಬೇಕು? ಇಂಥ ಕೆಲಸ ಮಾಡಿಸಿದವರು ತಿಳಿಸಿ.

ಸಕಲೇಶಪುರದಿಂದ:
ಮೊದಲು ಮೀಟರ್ ನಿಜ ಹೇಳುತ್ತಿದೆಯೇ ನೋಡಿಕೊಳ್ಳಿ ಸರ್. ಎಂಜಿನ್ ಜೊತೆ ಬಂದ ಸೆನ್ಸರ್ ಬೊಲೆರೊದ್ದು, ಡ್ಯಾಶ್‌ಬೋರ್ಡಿನ ಮೀಟರ್ ಜೀಪಿನದು. ಎರಡರ ರೆಸಿಸ್ಟೆನ್ಸ್ ಹೊಂದದಿದ್ದರೆ 85 ಡಿಗ್ರಿಗೇ ಮುಳ್ಳು ಕೆಂಪು ಮುಟ್ಟಬಹುದು, ಇಲ್ಲವೇ ಕುದಿಯುತ್ತಿದ್ದರೂ ನಡುವಿನಲ್ಲೇ ಆರಾಮಾಗಿ ಕೂತಿರಬಹುದು. ಎರಡನೆಯದೇ ಹೆಚ್ಚು ಅಪಾಯ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ವೈರ್ ಬಿಗಿ ಇದೆಯೇ ಅಂತಲೂ ನೋಡಿ. ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಹಾಕುವುದೇ ಮರೆತಿರುತ್ತಾರೆ.

ಒಂದು ಇನ್‌ಫ್ರಾರೆಡ್ ಗನ್ ತಗೊಳ್ಳಿ. ಅಲ್ಯೂಮಿನಿಯಂ ಹೊಳೆಯುವ ಜಾಗಕ್ಕೆ ಹಿಡಿದರೆ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದಕ್ಕೇ ಗುರಿಯಿಟ್ಟು ಅಳೆಯಿರಿ. ಘಾಟಿಯಲ್ಲಿ ಮುಳ್ಳು ಮೇಲೆ ಹೋದ ಕೂಡಲೇ ಬದಿಗೆ ಹಾಕಿ, ಎಂಜಿನ್ ಆಫ್ ಮಾಡದೆ ರೇಡಿಯೇಟರಿನ ಮೇಲೊಂದು, ಕೆಳಗೊಂದು ರೀಡಿಂಗ್ ತಗೊಳ್ಳಿ. ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಇದ್ದರೆ ಗಾಳಿ ಸಾಲುತ್ತಿಲ್ಲ. ಕೆಳಗೆ ತುಂಬಾ ತಣ್ಣಗಿದ್ದರೆ ನೀರು ಸರಿಯಾಗಿ ಸುತ್ತುತ್ತಿಲ್ಲ. ಕೋರ್ (ರೇಡಿಯೇಟರಿನ ಟ್ಯೂಬುಗಳಿರುವ ಜಾಲರಿ ಭಾಗ) ಮೇಲೆ ಅಲ್ಲಲ್ಲಿ ತಂಪು ಸಿಕ್ಕರೆ ಅಲ್ಲಿನ ಟ್ಯೂಬ್ ಕಟ್ಟಿಕೊಂಡಿದೆ ಅಂತ.

ನೀವು ಹೇಳಿದ್ದು ನೋಡಿದರೆ ನನಗೆ ಗಾಳಿಯ ಮೇಲೇ ಅನುಮಾನ. ಹೈವೇ ಸ್ಪೀಡಿನಲ್ಲಿ ಬಿಸಿಯಾಗಿದ್ದರೆ ರೇಡಿಯೇಟರ್ ಸಾಲದು ಅನ್ನಬಹುದಿತ್ತು. ಎರಡನೇ ಗೇರಿನಲ್ಲಿ ತೆವಳುವಾಗ ಎದುರು ಗಾಳಿ ಇರುವುದಿಲ್ಲ, ಎಲ್ಲಾ ಫ್ಯಾನೇ ಎಳೆಯಬೇಕು.

ಹುಬ್ಬಳ್ಳಿಯ ಗ್ಯಾರೇಜಿನವರು:
ಸರ, ದೊಡ್ಡ ರೇಡಿಯೇಟರ್ ಆಮ್ಯಾಲೆ. ಮೊದ್ಲ ಬಾನೆಟ್ ಎತ್ತಿ ಫ್ಯಾನಿಗೂ ರೇಡಿಯೇಟರಿಗೂ ನಡುವ ಎಷ್ಟ ಸಂದು ಐತಿ ನೋಡ್ರಿ. ಎಂಜಿನ್ ಬದ್ಲಿ ಮಾಡಿದ ಗಾಡ್ಯಾಗ ಗೇರ್‌ಬಾಕ್ಸ್ ಕೂಡಬೇಕಂತ ಎಂಜಿನ್ ಹಿಂದ ಸರದಿರತೈತಿ, ಫ್ಯಾನೂ ಅದರ ಜೋಡಿ ಹಿಂದ ಹೋಗಿರತೈತಿ. ಶ್ರೌಡ್, ಅಂದ್ರ ರೇಡಿಯೇಟರಿಂದ ಫ್ಯಾನಿನ ಸುತ್ತ ತನಕ ಬರೂ ತಗಡಿನ ಗೂಡು, ಇಲ್ಲಂದ್ರ ಫ್ಯಾನ್ ಎಂಜಿನ್ ಕಡೀ ಬಿಸಿಗಾಳಿನ ತಿರಗಾ ಮುರಗಾ ತಿರಗಸ್ತೈತಿ, ರೇಡಿಯೇಟರ್ ಒಳಗಿಂದ ಎಳಿಯೂದಿಲ್ಲ.

ಎಂಜಿನ್ ಚಾಲೂ ಇಟ್ಟು, ರೇಡಿಯೇಟರ್ ಮುಂದ ಪೇಪರಿನ ಒಂದ ಹಾಳಿ ಹಿಡದು ಕೈ ಬಿಡ್ರಿ. ಅಂಟ್ಕೊಂಡು ನಿಲ್ಲಬೇಕು. ಮೂಲ್ಯಾಗೂ ಹಿಡದು ನೋಡ್ರಿ, ನಡುವಷ್ಟ ಅಂಟಿದ್ರ ಸಾಲೂದಿಲ್ಲ. ಟರ್ಬೊಕ್ಕಂತ ಇಂಟರ್‌ಕೂಲರ್ (ಟರ್ಬೊ ಗಾಳಿ ತಣ್ಣಗ ಮಾಡೂದು) ಮುಂದ ಇಟ್ಟಿದ್ರ ಅದೂ ಗಾಳಿ ತಡೀತೈತಿ.

ಉಡುಪಿಯಿಂದ:
ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ಯಾರು ಶುರು ಮಾಡಿದರೋ ಮಾರಾಯ್ರೆ. ಬೈಪಾಸ್ ಇರುವ ಎಷ್ಟೋ ಎಂಜಿನ್ನುಗಳಲ್ಲಿ ಬಿಸಿಯಾದ ಮೇಲೆ ಬೈಪಾಸ್ ದಾರಿ ಮುಚ್ಚುವುದೂ ಥರ್ಮೋಸ್ಟಾಟೇ. ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ಸೀದಾ ಪಂಪಿಗೆ ವಾಪಸ್. ಹೊಸದು ಹಾಕುವ ಮೊದಲು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. 82 ಅಂತ ಅಚ್ಚಾಗಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರು ಮಾಡಬೇಕು, ಪೂರ್ತಿ ತೆರೆಯಲು ಇನ್ನೊಂದು ಹತ್ತು ಹದಿನೈದು ಡಿಗ್ರಿ ಬೇಕು.

ಇನ್ನೊಂದು, ಏರ್ ಲಾಕ್. ಈ ಎಂಜಿನ್ ಕೂತ ಮೇಲೆ ಥರ್ಮೋಸ್ಟಾಟ್ ಹೌಸಿಂಗ್ ರೇಡಿಯೇಟರ್ ಕ್ಯಾಪಿಗಿಂತ ಎತ್ತರವಾಗಿದೆಯಾ ನೋಡಿ. ಆಗಿದ್ದರೆ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಗಾಡಿಯ ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಚಾಲೂ ಮಾಡಿ, ಮೇಲಿನ ಹೋಸ್ ಆಗಾಗ ಹಿಸುಕುತ್ತಾ ನೀರು ತುಂಬಿಸಿ. ಥರ್ಮೋಸ್ಟಾಟ್ ಅಂಚಿನಲ್ಲಿ 3 ಮಿ.ಮೀ. ತೂತು ಹೊಡೆದು, ಆ ತೂತು ಮೇಲೆ ಬರುವಂತೆ ಕೂರಿಸಿದರೆ ಗಾಳಿ ತಾನೇ ಹೊರಬೀಳುತ್ತದೆ.

ಮಡಿಕೇರಿಯಿಂದ:
ಯಾರೂ ಕ್ಯಾಪ್ ವಿಷಯ ಎತ್ತಲಿಲ್ಲ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. 0.9 ಬಾರ್ ಕ್ಯಾಪ್ ಸರಿಯಾಗಿ ಹಿಡಿದರೆ ಬರೀ ನೀರೂ 115 ದಾಟುವವರೆಗೆ ತಡೆಯುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಆ ಲಾಭ ಅಷ್ಟೂ ಹೋಯಿತು. ಆದರೆ ಹಳೇ ಹಿತ್ತಾಳೆ ರೇಡಿಯೇಟರಿಗೆ ಇದ್ದಕ್ಕಿದ್ದಂತೆ ಹೆಚ್ಚಿನ ಪ್ರೆಶರಿನ ಕ್ಯಾಪ್ ಹಾಕಬೇಡಿ, ಬೆಸುಗೆ ಬಿಡುತ್ತದೆ. ಮೊದಲು ರೇಡಿಯೇಟರ್ ಅಂಗಡಿಯಲ್ಲಿ ಪ್ರೆಶರ್ ಹಾಕಿಸಿ ನೋಡಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಚಿತ್ರದುರ್ಗದಿಂದ:
ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಒಳಗೆಲ್ಲ ಸುಣ್ಣ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧ ಅರ್ಧ.

ಮೂಡಿಗೆರೆಯಿಂದ ಕೇಳಿದವರು:
ಎಲ್ಲರಿಗೂ ಧನ್ಯವಾದ. ಘಾಟಿಯಲ್ಲಿ ಟೇಪ್ ಅಂಟಿಸಿ ಅಳೆದೆ. ಮೇಲೆ 104, ಕೆಳಗಿನ ಹೋಸ್ ಹತ್ತಿರ 100. ಅಂದರೆ ಮೀಟರ್ ಸುಳ್ಳು ಹೇಳುತ್ತಿರಲಿಲ್ಲ. ಪೇಪರ್ ನಡುವಿನಲ್ಲಿ ಒಂದು ಕ್ಷಣ ನಿಂತು ಜಾರಿತು, ಮೂಲೆಗಳಲ್ಲಿ ನಿಲ್ಲಲೇ ಇಲ್ಲ. ಫ್ಯಾನಿಗೂ ಕೋರಿಗೂ ನಡುವೆ ನನ್ನ ಅಂಗೈ ಅಡ್ಡಡ್ಡಲಾಗಿ ಆರಾಮಾಗಿ ತೂರುತ್ತದೆ. ಶ್ರೌಡ್ ಇಲ್ಲವೇ ಇಲ್ಲ. ರೇಸ್ ಕೊಟ್ಟಾಗ ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾಗುವುದೂ ಕಂಡಿತು.

ಸಕಲೇಶಪುರದಿಂದ:
ಕೆಳಗಿನ ಹೋಸ್ ಪಂಪ್ ಎಳೆಯುವ ಬದಿ. ಒಳಗೆ ಸ್ಪ್ರಿಂಗ್ ಇರುವ ಹೋಸ್ ಹಾಕಿಸಿ. ಗುಜರಿ ಎಂಜಿನ್ ಅಂದಿರಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಕೂಡ ಒಮ್ಮೆ ನೋಡಿಬಿಡಿ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಏರ್ ಲಾಕ್ ಪೂರ್ತಿ ಹೋದ ಮೇಲೂ ಗುಳ್ಳೆ ಎದ್ದು ಬರುತ್ತಲೇ ಇದ್ದರೆ ಕಂಪ್ರೆಷನ್ ನೀರಿಗೆ ಸೇರುತ್ತಿದೆ. ಆಗ ಯಾವ ರೇಡಿಯೇಟರ್ ಹಾಕಿಸಿದರೂ ಅಷ್ಟೇ. ಹಾಗೇ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಿಸಿಕೊಳ್ಳಿ, ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ.

ಮೂಡಿಗೆರೆಯಿಂದ ಕೇಳಿದವರು:
ಗುಳ್ಳೆ ಇಲ್ಲ, ಸಮಾಧಾನ. ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಶ್ರೌಡ್ ಮಾಡಿಸಲು ಕೊಡುತ್ತಿದ್ದೇನೆ. ಬ್ಲೇಡಿಗೂ ಅದಕ್ಕೂ ಎಷ್ಟು ಜಾಗ ಬಿಡಿಸಲಿ?

ಹುಬ್ಬಳ್ಳಿಯ ಗ್ಯಾರೇಜಿನವರು:
ಸುತ್ತೂ ಮುಕ್ಕಾಲ ಇಂಚ ಬಿಡಸ್ರಿ. ರೇಡಿಯೇಟರ್ ಚಾಸಿಗೆ ಬಿಗದಿರತೈತಿ, ಎಂಜಿನ್ ರಬ್ಬರ್ ಮೌಂಟಿಂಗ್ ಮ್ಯಾಲೆ ಅಲ್ಲಾಡತೈತಿ. ಕಮ್ಮಿ ಬಿಟ್ರ ಕುಣ್ಯಾಗ ಹಾರಿದಾಗ ಬ್ಲೇಡ್ ತಗಡಿಗೆ ಬಡೀತೈತಿ. ಬ್ಲೇಡಿನ ಅಗಲದಾಗ ಅರ್ಧ ಶ್ರೌಡ್ ಒಳಗ, ಅರ್ಧ ಹೊರಗ ಇರ್ಲಿ. ಮತ್ತ ಶ್ರೌಡ್ ಕೋರ್ ಪೂರ್ತಿ ಮುಚ್ಚಬೇಕ್ರಿ, ಬರೇ ಫ್ಯಾನಿನ ಸುತ್ತ ಬಳಿ ಹಾಕಿ ಕೊಟ್ರ ವಾಪಸ್ ಕೊಟ್ಟ ಬರ್ರಿ.